ಭಾಗವತರ ಮೈಕಿಗೆ ರಿವರ್ಬ್: ಯಾವ ನಾಬ್ ಏನು ಮಾಡುತ್ತದೆ?

ಕುಂಬಳೆ, ಮಂಜೇಶ್ವರ ಕಡೆಯ ಯಕ್ಷಗಾನ ಬಯಲಾಟಗಳಲ್ಲಿ ಭಾಗವತರು ಹಾಡುವ ಪದ್ಯದ ಸಾಹಿತ್ಯ ರಿವರ್ಬಿನಲ್ಲಿ, ಅಂದರೆ ದನಿಗೆ ಸೇರಿಸುವ ಗುಂಗಿನಲ್ಲಿ, ಕಲಸಿಹೋದರೆ ಮೊದಲು ರಿವರ್ಬ್ ಪ್ರೊಸೆಸರಿನ 'ಮಿಕ್ಸ್' ನೋಡಿ; ಮೂಲ ದನಿ ಎಷ್ಟು, ಗುಂಗು ಎಷ್ಟು ಎಂದು ಹೊಂದಿಸುವ ನಾಬ್ ಇದು. ಪ್ರೊಸೆಸರನ್ನು ಮಿಕ್ಸರಿನ ಆಕ್ಸ್ ಸೆಂಡ್‌ಗೆ (ಪ್ರತಿ ಮೈಕಿನ ದನಿಯನ್ನು ಬೇಕಾದಷ್ಟು ಹೊರಗೆ ಕಳಿಸುವ ದಾರಿಗೆ) ಜೋಡಿಸಿದ್ದರೆ 'ಮಿಕ್ಸ್' ಪೂರ್ತಿ ವೆಟ್ (ಬರೀ ಗುಂಗು), ಅಂದರೆ 100% ಇರಬೇಕು. ಕಡಿಮೆಯಿದ್ದರೆ ಮೂಲ ದನಿಯೂ ತುಸು ತಡವಾಗಿ ಮರಳಿ ಬಂದು ಸೇರಿ, ಸ್ವರ ಟೊಳ್ಳೆನಿಸುತ್ತದೆ. ರಿವರ್ಬ್ ಎಷ್ಟು ಬೇಕೆಂಬುದನ್ನು ಗುಂಗು ಮಿಕ್ಸರಿಗೆ ಮರಳುವ ರಿಟರ್ನ್ ಫೇಡರಿನಲ್ಲೇ ಹೊಂದಿಸಿ.

'ಇನ್‌ಪುಟ್' (ಒಳಬರುವ ದನಿಯ ಮಟ್ಟ) ಸರಳ: ಅಬ್ಬರದ ಏರುಪದ್ಯದಲ್ಲೂ ಕೆಂಪು ದೀಪ ಹೊತ್ತಬಾರದು.

'ಡಿಕೇ' ಎಂದರೆ ಗುಂಗು 60 ಡೆಸಿಬಲ್ ಇಳಿಯಲು ಹಿಡಿಯುವ ಸಮಯ. ಗದ್ದೆಯಲ್ಲಿ 1.5 ಸೆಕೆಂಡಿನಿಂದ ಶುರುಮಾಡಿ. ಸಭಾಭವನದಲ್ಲಿ 0.8 ಧಾರಾಳ, ಉಳಿದದ್ದನ್ನು ಗೋಡೆಗಳೇ ಕೊಡುತ್ತವೆ (ಬೇಡವೆಂದರೂ!).

ಹೆಚ್ಚಿನವರು ಮುಟ್ಟದೇ ಬಿಡುವುದು 'ಪ್ರಿ-ಡಿಲೇ'. ಸೊನ್ನೆಯಲ್ಲಿದ್ದರೆ ಅಕ್ಷರದ ಮೇಲೇ ಗುಂಗು ಕೂರುತ್ತದೆ. 30 ಮಿಲಿಸೆಕೆಂಡ್ ಇಟ್ಟರೆ ಅಕ್ಷರ ಮೊದಲು, ಗುಂಗು ಆಮೇಲೆ. 80 ದಾಟಿದರೆ ಬೇರೆಯೇ ಪ್ರತಿಧ್ವನಿಯಂತೆ ಕೇಳೀತು.

ಜಾಗಟೆಯ ಸದ್ದು ಭಾಗವತರ ಮೈಕಿಗೆ ಹೇಗೂ ನುಗ್ಗುತ್ತದೆ. ಅದರ ಕಿಣಿಕಿಣಿ ರಿವರ್ಬಿನಲ್ಲಿ ಉಳಿದರೆ ಕಿವಿ ಚುಚ್ಚುತ್ತದೆ. ಗುಂಗಿನ ತಾರ ಸದ್ದನ್ನು ಕತ್ತರಿಸುವ 'ಹೈ ಕಟ್' 5 ಕಿಲೋಹರ್ಟ್ಸ್‌ಗೆ ಇಳಿಸಿ. ಮಂದ್ರ ಸದ್ದನ್ನು ಕತ್ತರಿಸುವ 'ಲೋ ಕಟ್' 200 ಹರ್ಟ್ಸ್. ಚೆಂಡೆ, ಮದ್ದಳೆಯ ಆಕ್ಸ್ ಸೊನ್ನೆಯಲ್ಲೇ ಇರಲಿ.

ಅರ್ಥ (ವೇಷಧಾರಿಗಳ ಮಾತುಗಾರಿಕೆ) ಶುರುವಾದೊಡನೆ ಅವರ ಮೈಕಿನ ಆಕ್ಸನ್ನೂ ಇಳಿಸಿ. ಮಾತಿಗೆ ರಿವರ್ಬ್ ಬೇಡ.