ಲಿಂಕ್ ಮುನ್ನೂರು, ಹೋಗೋದು ಮೂವತ್ತು

ಮಂಡ್ಯದ ನೂರಡಿ ರಸ್ತೆ ಹತ್ತಿರ ನನ್ನದೊಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಹಾಕಿ, ಇನ್ನೊಂದು ನಾಲ್ಕು ವರ್ಷ ಓಡೋ ಹಾಗೆ ಮಾಡಿ ಕೊಡೋದು ನನ್ನ ಚಾಳಿ. ಹಾಗೆ ಕೊಟ್ಟ ಒಂದನ್ನು ಮದುವೆ ಫೋಟೋ ತೆಗೆಯುವ ಹುಡುಗ ವಾಪಸ್ ಹೊತ್ತುಕೊಂಡು ಬಂದ.

"ಅಣ್ಣಾ, ಇಳಿಸ್ಕೊಳ್ಳಕ್ಕೆ ಏನೂ ತೊಂದ್ರೆ ಇಲ್ಲ. ಕಳ್ಸಕ್ ಹೋದ್ರೆ ಮಾತ್ರ ಬೆಳಗಾಯ್ತದೆ."

ಅವನು ಕಳಿಸೋದು ಇಂಟರ್ನೆಟ್ಟಿಗಲ್ಲ. ಸ್ಟುಡಿಯೋದ ಮೂಲೆಯಲ್ಲಿರುವ ಬ್ಯಾಕಪ್ ಪಿಸಿಗೆ, ಅಲ್ಲಿನ ವೈಫೈ ಮೇಲೆ. ಒಂದು ಮದುವೆ ಅಂದರೆ 32 ಜಿಬಿ ಕಾರ್ಡ್ ತುಂಬಿರುತ್ತೆ, ಅದನ್ನು ಸಾಗಿಸೋಕೆ ಎರಡೂಕಾಲು ಗಂಟೆ. ಇಂಟರ್ನೆಟ್ ಕೊಡುವವರನ್ನು ಬೈಯೋಕೂ ಆಗಲ್ಲ, ಅವರ ತಂತಿ ಈ ದಾರಿಯಲ್ಲೇ ಇಲ್ಲ.

ಸಂಜೆ ಸ್ಟುಡಿಯೋಗೇ ಹೋದೆ. ಟರ್ಮಿನಲ್ ತೆಗೆದು 'ಐಡಬ್ಲ್ಯೂ' ಕಮಾಂಡ್‌ನಲ್ಲಿ ವೈಫೈ ಲಿಂಕ್ ಹೇಗಿದೆ ನೋಡಿದೆ. ಸಿಗ್ನಲ್ ಮೈನಸ್ 48, ಅಂದರೆ ಚೆನ್ನಾಗೇ ಇದೆ. ಟಿಎಕ್ಸ್ ಬಿಟ್‌ರೇಟ್, ಅಂದರೆ ಕಳಿಸುವ ವೇಗ, 300 ಎಂಬಿಪಿಎಸ್ (ಸೆಕೆಂಡಿಗೆ 300 ಮೆಗಾಬಿಟ್). ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ ಎರಡು ಆಂಟೆನಾದ 802.11ಎನ್ (ವೈಫೈನ ಒಂದು ಹಳೇ ಪೀಳಿಗೆ), ಅದಕ್ಕಿಂತ ಮೇಲೆ ಅದು ಹೋಗೋದೇ ಇಲ್ಲ. ಇಷ್ಟು ಚೆಂದದ ಲಿಂಕ್ ಇಟ್ಟುಕೊಂಡು ಫೈಲ್ ಹೋಗ್ತಾ ಇಲ್ಲ ಅಂದರೆ ನಂಬೋದು ಹೇಗೆ?

ಇಲ್ಲೊಂದು ಮಾತು. ಟಿಎಕ್ಸ್ ಬಿಟ್‌ರೇಟ್ ಅನ್ನೋದು ಕೊನೆಗೆ ಕಳಿಸಿದ ಫ್ರೇಮಿನ (ವೈಫೈ ಒಂದು ಸಲಕ್ಕೆ ಕಳಿಸುವ ತುಂಡಿನ) ವೇಗ, ಅಷ್ಟೇ. ಸುಮ್ನೆ ಕೂತ ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ 6 ಅಂತಲೂ ತೋರಿಸಬಹುದು. ಹಿಂದೊಮ್ಮೆ ಈ 6 ನೋಡಿ ಗಾಬರಿಯಾಗಿ ಅರ್ಧ ದಿನ ಹಾಳು ಮಾಡಿಕೊಂಡಿದ್ದೆ. ಫೈಲ್ ಹೋಗ್ತಾ ಇರುವಾಗಲೇ ನೋಡಬೇಕು. ಈ ಸಲ ಹಾಗೇ ನೋಡಿದೆ, ಆಗಲೂ 300.

ಆಮೇಲೆ ಎರಡೂ ಕಡೆ ಐಪರ್ಫ್3 ಹಾಕಿದೆ, ನೆಟ್‌ವರ್ಕ್ ವೇಗ ಅಳೆಯುವ ಪ್ರೋಗ್ರಾಂ. ಲ್ಯಾಪ್‌ಟಾಪ್‌ನಿಂದ ಪಿಸಿಗೆ 31 ಎಂಬಿಪಿಎಸ್. 'ಆರ್' ಆಪ್ಷನ್ ಕೊಟ್ಟು ದಿಕ್ಕು ತಿರುಗಿಸಿದರೆ, ಪಿಸಿಯಿಂದ ಲ್ಯಾಪ್‌ಟಾಪ್‌ಗೆ 150ರ ಮೇಲೆ. ಹುಡುಗ ಹೇಳಿದ್ದು ಅಕ್ಷರಶಃ ನಿಜ. ಐಪರ್ಫ್ ಡಿಸ್ಕ್ ಮುಟ್ಟುವುದಿಲ್ಲ, ಹಾಗಾಗಿ ಡಿಸ್ಕಿನ ಮೇಲಿದ್ದ ಅನುಮಾನವೂ ಹೋಯಿತು.

ಪವರ್ ಸೇವ್ ಆಫ್ ಮಾಡಿದೆ, 32 ಆಯಿತು. ಬ್ಲೂಟೂತ್ ಆಫ್ ಮಾಡಿದೆ, ಚಾನೆಲ್ 36ರಿಂದ 149ಕ್ಕೆ ಬದಲಾಯಿಸಿದೆ, ಏನೂ ಇಲ್ಲ. ಹುಡುಗ ಟೀ ತರಿಸಿದ.

ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಹಳೇ ಪೆನ್‌ಡ್ರೈವ್ ಇರುತ್ತೆ, ಉಬುಂಟು 12.04 (2012ರ ಲಿನಕ್ಸ್) ಇರೋದು. ಹೆಂಡತಿ ಎರಡು ಸಲ ಕಸಕ್ಕೆ ಹಾಕೋಕೆ ಹೋಗಿದ್ದಳು. ಅದರಿಂದ ಬೂಟ್ ಮಾಡಿ ಒಂದು ಫೋಲ್ಡರ್ ಕಾಪಿಗೆ ಹಾಕಿದೆ. ಬುರ್ ಅಂತ ಹೋಯಿತು, 110ರ ಹತ್ತಿರ! ಅದೇ ಲ್ಯಾಪ್‌ಟಾಪ್, ಅದೇ ಕಾರ್ಡ್, ಅದೇ ರೌಟರ್. ಬದಲಾಗಿದ್ದು ಕರ್ನಲ್, ಅಂದರೆ ಓಎಸ್‌ನ ತಿರುಳು, ಒಂದೇ. ಅಂದಮೇಲೆ ಅದರೊಳಗೆ ವೈಫೈ ಕಾರ್ಡ್ ಓಡಿಸುವ ಡ್ರೈವರ್‌ನಲ್ಲೇ ಏನೋ ಇದೆ.

ಡ್ರೈವರ್ ಹೆಸರು ಐಡಬ್ಲ್ಯೂಎಲ್‌ವೈಫೈ. ಅದಕ್ಕೆ ಯಾವ ಯಾವ ಆಪ್ಷನ್ ಕೊಡಬಹುದು ಅಂತ ಮಾಡ್‌ಇನ್ಫೋ ಕಮಾಂಡ್ ತೋರಿಸುತ್ತೆ. ಪಟ್ಟಿಯಲ್ಲಿ '11ಎನ್ ಡಿಸೇಬಲ್' ಅನ್ನೋದು ಕಣ್ಣಿಗೆ ಬಿತ್ತು. 1 ಹಾಕಿದರೆ 11ಎನ್ ಪೂರ್ತಿ ಬಂದ್. 2 ಹಾಕಿದರೆ ಕಳಿಸುವಾಗಿನ ಅಗ್ರಿಗೇಷನ್ ಬಂದ್, 4 ಹಾಕಿದರೆ ಪಡೆಯುವಾಗಿನದು ಬಂದ್. 8 ಹಾಕಿದರೆ ಕಳಿಸುವಾಗಿನ ಅಗ್ರಿಗೇಷನ್ ಚಾಲೂ. 'ಡಿಸೇಬಲ್' ಅಂತ ಹೆಸರಿಟ್ಟು ಅದರೊಳಗೇ ಚಾಲೂ ಮಾಡುವ ನಂಬರ್ ಇಟ್ಟಿದ್ದಾರೆ, ನೋಡಿ ನಗು ಬಂತು.

ಅಗ್ರಿಗೇಷನ್ ಅಂದರೇನು ಅಂತ ಹುಡುಗ ಕೇಳಿದ. ಅವರ ಮನೆಯಲ್ಲೂ ಕಬ್ಬು ಬೆಳೀತಾರೆ, ಹಾಗಾಗಿ ಹೇಳೋದು ಸುಲಭವಾಯಿತು. ಗದ್ದೆಯಿಂದ ಆಲೆಮನೆಗೆ ರಸ್ತೆ ಚೆನ್ನಾಗಿದೆ, ಟ್ರ್ಯಾಕ್ಟರ್ ಜೋರಾಗಿ ಓಡುತ್ತೆ. ಆದರೆ ಟ್ರೈಲರ್‌ಗೆ ಒಂದೇ ಒಂದು ಹೊರೆ ಹಾಕಿಕೊಂಡು ಹೋಗಿ, ಚೀಟಿ ಬರೆಸಿಕೊಂಡು ಬಂದು, ಇನ್ನೊಂದು ಹೊರೆ ಹಾಕ್ತೀಯ. ದಿನಕ್ಕೆ ಎಷ್ಟು ಸಾಗುತ್ತೆ? ವೈಫೈನಲ್ಲಿ ಆಗ್ತಾ ಇದ್ದದ್ದು ಇದೇ. 1,500 ಬೈಟ್‌ನ ಒಂದು ಪ್ಯಾಕೆಟ್ 300ರ ವೇಗದಲ್ಲಿ 40 ಮೈಕ್ರೊಸೆಕೆಂಡಿಗೆ ಹೋಗಿಬಿಡುತ್ತೆ. ಅದಕ್ಕೆ ಮುಂಚೆ ಗಾಳಿ ಖಾಲಿ ಇದೆಯಾ ಅಂತ ಕಾಯೋದು, ಪ್ರತಿ ಫ್ರೇಮಿನ ತಲೆಗೆ ಅಂಟಿಸುವ ಪ್ರಿಯಾಂಬಲ್, ಆಮೇಲೆ 'ಬಂತು' ಅನ್ನುವ ಚೀಟಿಗೆ ಕಾಯೋದು, ಇವೆಲ್ಲ ಸೇರಿ ಆ 40ರ ನಾಲ್ಕು ಪಟ್ಟು. ಅಗ್ರಿಗೇಷನ್ ಇದ್ದರೆ ಪ್ಯಾಕೆಟ್‌ಗಳನ್ನು ಒಟ್ಟಿಗೆ ಪೇರಿಸಿ, 64 ಕೆಬಿವರೆಗೆ, ಒಂದೇ ಟ್ರಿಪ್‌ನಲ್ಲಿ ಸಾಗಿಸಿ ಒಂದೇ ಚೀಟಿ ತಗೊಳ್ಳುತ್ತೆ. ಲಿಂಕ್ ರೇಟ್ 300 ಅಂತ ತೋರಿಸಿದ್ದು ಸುಳ್ಳಲ್ಲ. ಅದು ಟ್ರ್ಯಾಕ್ಟರಿನ ಸ್ಪೀಡು. ಟ್ರೈಲರ್‌ನಲ್ಲಿ ಎಷ್ಟಿದೆ ಅಂತ ಅದು ಹೇಳಲ್ಲ.

ಈ ಹಳೇ ಕಾರ್ಡುಗಳಿಗೆ 2014ರಲ್ಲಿ ಡ್ರೈವರ್ ಬರೆಯುವವರೇ ಬೇಕಂತಲೇ ಇದನ್ನು ಬಂದ್ ಮಾಡಿದ್ದರು. ಕೆಲವದರಲ್ಲಿ ಅಗ್ರಿಗೇಷನ್ ಇದ್ದರೆ ಸರಿಯಾಗಿ ನಡೀತಾ ಇರಲಿಲ್ಲ. ನಿಧಾನವಾದರೂ ಪರವಾಗಿಲ್ಲ, ಕೈಕೊಡಬಾರದು ಅಂತ. ಬೇಕಾದವರಿಗೆ ಆ 8 ಬಿಟ್ಟಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡ್ತಿದ್ದೆ ಅನ್ಸುತ್ತೆ.

ಮೊದಲು ಒಂದು ಎಡವಟ್ಟು ಮಾಡಿದೆ. ಯಾವತ್ತೋ ಯಾರೋ ಹೇಳಿದ್ದ 1 ಕೈಗೆ ಬಂತು, ಅದನ್ನೇ ಹಾಕಿಬಿಟ್ಟೆ. ಲಿಂಕ್ 54ಕ್ಕೆ ಬಿತ್ತು, ಕಳಿಸೋದು 20. "ಇನ್ನೂ ಹಾಳಾಯ್ತಲ್ಲಣ್ಣ" ಅಂದ ಹುಡುಗ. ಮಾತಾಡದೆ ಡ್ರೈವರ್ ಮಾಡ್ಯೂಲ್ ಇಳಿಸಿ, 8 ಕೊಟ್ಟು ಮತ್ತೆ ಏರಿಸಿದೆ. ಇಳಿಸುವಾಗ ಅದರ ಮೇಲೆ ಕೂತಿರುವ ಐಡಬ್ಲ್ಯೂಎಲ್‌ಡಿವಿಎಂ ಅನ್ನೋ ಮಾಡ್ಯೂಲ್ ಮೊದಲು, ಐಡಬ್ಲ್ಯೂಎಲ್‌ವೈಫೈ ಆಮೇಲೆ, ಇಲ್ಲದಿದ್ದರೆ ಬಳಕೆಯಲ್ಲಿದೆ ಅಂತ ಬಿಡಲ್ಲ. ಐಪರ್ಫ್ 118 ತೋರಿಸಿತು. ಡ್ರೈವರ್ ಆಪ್ಷನ್ ಇಡುವ ಮಾಡ್‌ಪ್ರೋಬ್ ಫೋಲ್ಡರಿನಲ್ಲಿ ಒಂದು ಸಾಲಿನ ಫೈಲ್ ಬರೆದಿಟ್ಟೆ, ರೀಸ್ಟಾರ್ಟ್ ಆದಮೇಲೂ ಉಳಿಯಲಿ ಅಂತ.

ಅವರು ಬಂದ್ ಮಾಡಿದ್ದಕ್ಕೆ ಕಾರಣ ಇತ್ತು ಅಲ್ವಾ, ಹಾಗಾಗಿ ಅವತ್ತೇ ಕೈತೊಳೆದುಕೊಳ್ಳಲಿಲ್ಲ. ಒಂದು ವಾರ ಅವನ ಲಾಗ್ ನೋಡಿದೆ. 'ಮೈಕ್ರೋಕೋಡ್ ಎರರ್, ರೀಸ್ಟಾರ್ಟಿಂಗ್' (ಕಾರ್ಡಿನೊಳಗಿನ ಪ್ರೋಗ್ರಾಂ ಬಿದ್ದು ಮತ್ತೆ ಶುರುವಾಗಿದೆ) ಅಂತ ಎರಡು ಸಲ ಬಂದಿತ್ತು. ಎರಡು ಸಲವೂ ತಾನೇ ಎದ್ದುಕೊಂಡಿದೆ, ಕಾಪಿ ನಿಂತಿಲ್ಲ. ಹುಡುಗನಿಗೆ ತೋರಿಸಿದೆ. 32 ಜಿಬಿ ಈಗ ಮುಕ್ಕಾಲು ಗಂಟೆಯೊಳಗೆ ಮುಗೀತದೆ, ಇರ್ಲಿ ಬಿಡಣ್ಣ ಅಂದ.

ಅದೇ ಕಾರ್ಡ್ ಇರುವ ಲ್ಯಾಪ್‌ಟಾಪ್ ನನ್ನ ಅಂಗಡಿಯಲ್ಲೂ ಒಂದಿದೆ. ಅದಕ್ಕೂ 8 ಹಾಕಿದೆ. ಹತ್ತು ನಿಮಿಷಕ್ಕೊಂದು ಸಲ ವೈಫೈ ಕಟ್ ಆಗೋಕೆ ಶುರುವಾಯಿತು. ತೆಗೆದುಬಿಟ್ಟೆ. ಬಿಲ್ ಬರೆಯೋಕೆ ಮೂವತ್ತು ಸಾಕು.

ಹುಡುಗನ ಲ್ಯಾಪ್‌ಟಾಪ್ ಅಡಿಗೆ ಒಂದು ಚೀಟಿ ಬರೆದು ಸೆಲೋಟೇಪ್ ಅಂಟಿಸಿದ್ದೀನಿ: '11ಎನ್ ಡಿಸೇಬಲ್ = 8. 1 ಅಲ್ಲ.' ಮುಂದೆ ಯಾರಾದರೂ ಹೊಸದಾಗಿ ಓಎಸ್ ಹಾಕಿದರೆ ಅವರಿಗಿರಲಿ ಅಂತ. ನಾನೇ ಹಾಕಿದರೂ ಬೇಕಾಗುತ್ತೆ.