ಕೆಂಪುಕಲ್ಲಿನ ಗೋಡೆಗೆ ಒಳಮೈಯಿಂದ ಬಲ: ನನ್ನ ಅನುಭವ

ಮೂಡುಬಿದಿರೆ–ಕಾರ್ಕಳ ರಸ್ತೆಯ ತಿರುವೊಂದರಲ್ಲಿ ನಾನು ಬಲಪಡಿಸಿಕೊಟ್ಟ ಕಂಪೌಂಡ್ ಗೋಡೆಗೆ ಕಳೆದ ಮಳೆಗಾಲದಲ್ಲಿ ಟಿಪ್ಪರ್ ಒಂದು ಓರೆಯಾಗಿ ಬಂದು ಬಡಿಯಿತು. ರಸ್ತೆಯ ಕಡೆಯ ಕಲ್ಲುಗಳು ಆರೇಳು ಅಡಿ ಉದ್ದಕ್ಕೆ ಪುಡಿಯಾದವು, ಒಳಮೈಯಲ್ಲಿ ಸಣ್ಣ ಬಿರುಕುಗಳು ಮೂಡಿದವು, ಆದರೆ ಒಂದು ಕಲ್ಲೂ ಅಂಗಳಕ್ಕೆ ಬೀಳಲಿಲ್ಲ. ಇದು ದುಡ್ಡಿಗೆ ದಂಡ ಎಂದಿದ್ದ ಗುತ್ತಿಗೆದಾರ ಮಿತ್ರರೇ ಈಗ ಅಳತೆ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಅಲ್ಲಿ ಮೊದಲು ಮಾಡಿಸಿದ್ದ ಯಾವ ಉಪಾಯವೂ ಉಳಿದಿರಲಿಲ್ಲ. ಗೋಡೆಯ ದಪ್ಪವನ್ನು ಇಮ್ಮಡಿ ಮಾಡಿದಾಗ ಒಳಗೆ ಬಂದು ಬೀಳುವ ಕಲ್ಲಿನ ರಾಶಿ ಇಮ್ಮಡಿಯಾಯಿತು. ರಸ್ತೆಯ ಮುಖಕ್ಕೆ ಚಿಕನ್ ಮೆಶ್ (ತೆಳು ತಂತಿಯ ಬಲೆ) ಹೊಡೆದು ಗಾರೆ ಮಾಡಿದಾಗ ಆ ಪದರ ಹಪ್ಪಳದಂತೆ ಕಳಚಿತು. ಇವೆರಡಕ್ಕೇ ಮನೆಯವರ 80–90 ಸಾವಿರ ರೂಪಾಯಿ ಹೋಗಿತ್ತು.

ಹೊರಗಿನಿಂದ ಪೆಟ್ಟು ಬಿದ್ದಾಗ ಎರಡು ಕಂಬಗಳ ನಡುವಿನ ಗೋಡೆ ಒಳಕ್ಕೆ ಬಾಗಿ, ಬಾಯಿ ಬಿಡುವುದು ಒಳಮೈಯಲ್ಲಿ. ಆದ್ದರಿಂದ ನಾನು 10 ಎಂ.ಎಂ. ಕಂಬಿಯ ಜಾಲರಿಯನ್ನು ಅಂಗಳದ ಕಡೆಗೆ ಕಟ್ಟಿಸಿ, ನಾಲ್ಕು ಇಂಚು ದಪ್ಪಕ್ಕೆ ಎಂ-20 ದರ್ಜೆಯ ಕಾಂಕ್ರೀಟ್ ಹಾಕಿಸಿದೆ. ಕಂಬಗಳ ಲೆಕ್ಕ ಇದಕ್ಕೆ ತಿರುಗುಮುರುಗು: ಪೆಟ್ಟಿಗೆ ಕಂಬದ ತಲೆ ಒಳಕ್ಕೆ ವಾಲುವುದರಿಂದ ಬುಡದಲ್ಲಿ ಎಳೆತ ಬರುವುದು ರಸ್ತೆಯ ಕಡೆಗೆ. ಹಾಗಾಗಿ ಸುಮಾರು ಆರು ಅಡಿಗೊಂದರಂತೆ ಗೋಡೆಯನ್ನು ಸೀಳಿ ನಿಲ್ಲಿಸಿದ ಕಂಬಗಳಲ್ಲಿ ಹೊರಬದಿಗೆ 16 ಎಂ.ಎಂ., ಒಳಬದಿಗೆ 12 ಎಂ.ಎಂ. ಕಂಬಿ ಇಟ್ಟು, ಕೆಳಗೆ ಹಾಗೂ ಮೇಲೆ ಉದ್ದಕ್ಕೂ ಬೀಮ್ ಓಡಿಸಿದೆ.

ಕಲ್ಲನ್ನೂ ಕಾಂಕ್ರೀಟನ್ನೂ ಒಂದಾಗಿಸುವುದೇ ನಿಜವಾದ ಕೆಲಸ. ಎರಡಡಿಗೊಂದು ತೂತು ಕೊರೆದು ಕೊಕ್ಕೆ ಕಂಬಿ ತೂರಿಸಬೇಕು. ಕೊರೆದಾಗ ತೂತಿನಲ್ಲಿ ಉಳಿಯುವ ಕೆಂಪು ಪುಡಿಯನ್ನು ಸಣ್ಣ ಬ್ರಷ್ಷಿನಿಂದ ಉಜ್ಜಿ, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯದಿದ್ದರೆ ತೂತಿಗೆ ತುಂಬುವ ಸಿಮೆಂಟ್ ಹಾಲು (ನೀರಿನಲ್ಲಿ ಕಲಸಿದ ಸಿಮೆಂಟ್) ಕಲ್ಲನ್ನು ಹಿಡಿಯದೆ ಪುಡಿಯನ್ನಷ್ಟೇ ಹಿಡಿಯುತ್ತದೆ, ಕಂಬಿ ಕೈಯಲ್ಲೇ ಕಿತ್ತು ಬರುತ್ತದೆ. ಆ ಹಾಲಿಗೆ ನಾನು ಬೆರೆಸುವ ಇನ್ನೊಂದು ವಸ್ತುವನ್ನು ಇಲ್ಲಿ ಹೇಳುವುದಿಲ್ಲ. ನನ್ನ ಮೇಸ್ತ್ರಿಗೂ ನನಗೂ ಅದು ಅನ್ನದ ಪ್ರಶ್ನೆ. ಅಂಗಳದ ನೀರು ಹೊರಹೋಗಲು ಬುಡದಲ್ಲಿ ಮೂರು ಇಂಚಿನ ಪೈಪುಗಳನ್ನು ಮರೆಯಬಾರದು. ನಮ್ಮ ಮಳೆಯಲ್ಲಿ ಟಿಪ್ಪರಿಗಿಂತ ಮೊದಲು ನೀರೇ ಗೋಡೆಯನ್ನು ಕೆಡವುತ್ತದೆ.

ಎಪ್ಪತ್ತು ಅಡಿ ಉದ್ದ, ಐದು ಅಡಿ ಎತ್ತರಕ್ಕೆ ಆರೇಳು ಕ್ವಿಂಟಾಲ್ ಕಂಬಿ ಹಿಡಿಯಿತು. ಕೂಲಿಯೂ ಸೇರಿ 2 ಲಕ್ಷದ ಆಸುಪಾಸು. ಪೆಟ್ಟಿನ ನಂತರದ ದುರಸ್ತಿ ಹದಿನೈದು ಸಾವಿರದೊಳಗೆ ಮುಗಿಯಿತು.

ನಡುವೆ ಹಳೆಯ ಟೈರುಗಳಿಗೆ ಮಣ್ಣು ತುಂಬಿ ಗೋಡೆಯ ಮುಂದೆ ಜೋಡಿಸಿಯೂ ನೋಡಿದೆ. ಪೆಟ್ಟನ್ನು ಚೆನ್ನಾಗಿಯೇ ನುಂಗುತ್ತವೆ, ಆದರೆ ಮಣ್ಣು ಕುಸಿದ ಮೇಲೆ ನೀರು ನಿಂತು ಸೊಳ್ಳೆಯಾದ್ದರಿಂದ ತೆಗೆಸಿದೆ. ವೇಗ ಇಮ್ಮಡಿಯಾದರೆ ಪೆಟ್ಟಿನ ಶಕ್ತಿ ನಾಲ್ಮಡಿಯಾಗುವುದರಿಂದ, ವೇಗವಾಗಿ ನೇರಕ್ಕೆ ನುಗ್ಗುವ ತುಂಬಿದ ಲಾರಿಯನ್ನು ಈ ಗೋಡೆ ತಡೆಯುತ್ತದೆಂದು ನಾನು ಯಾರಿಗೂ ಮಾತು ಕೊಡುವುದಿಲ್ಲ; ಅಂಥ ಜಾಗಕ್ಕೆ ರಸ್ತೆಯಂಚಿನಲ್ಲೇ ಕ್ರ್ಯಾಶ್ ಬ್ಯಾರಿಯರ್ ಬೇಕು. ಹಳೆಯ ಗೋಡೆಯೇ ಇಲ್ಲದ ಇನ್ನೊಂದು ತಿರುವಿನಲ್ಲಿ ಈಗ ಹಾಲೋ ಬ್ಲಾಕಿನ ತೂತುಗಳೊಳಗೆ ಕಂಬಿ ಇಳಿಸಿ ಕಾಂಕ್ರೀಟ್ ತುಂಬಿಸುತ್ತಿದ್ದೇನೆ. ಅಲ್ಲಿ ಸೆಂಟ್ರಿಂಗ್ (ಕಾಂಕ್ರೀಟಿಗೆ ಹಲಗೆ ಕಟ್ಟುವ) ಖರ್ಚು ಬಹುಪಾಲು ಉಳಿಯುತ್ತಿದೆ.