ಚಿಕ್ಕಮಗಳೂರಿನ ರೆಸಾರ್ಟಿನಲ್ಲಿ ಮಲೆನಾಡಿನ ಊಟವನ್ನು ಕೇಳಿ ಮಾಡಿಸಿಕೊಳ್ಳುವ ಬಗೆ

ರಜೆಗೆಂದು ಚಿಕ್ಕಮಗಳೂರಿಗೆ ಬಂದವರು ಎರಡು ದಿನವೂ ಪನೀರ್ ಮಸಾಲೆ, ಗೋಬಿ ಮಂಚೂರಿ ತಿಂದು ಊರಿಗೆ ಮರಳುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಕಡುಬು, ಅಕ್ಕಿ ರೊಟ್ಟಿ ಮಾಡಬಲ್ಲವರು ಅನೇಕ ರೆಸಾರ್ಟುಗಳ ಅಡುಗೆಮನೆಯಲ್ಲೇ ಇರುತ್ತಾರೆ. ಆದರೆ ಮಲೆನಾಡಿನ ಅಡುಗೆಗೆ ನೆನೆಸುವ, ರುಬ್ಬುವ, ಹಬೆಯಲ್ಲಿ ಬೇಯಿಸುವ ಹೊತ್ತು ಬೇಕಾಗುವುದರಿಂದ, ಊಟಕ್ಕೆ ಕುಳಿತ ಮೇಲೆ ಕೇಳಿದರೆ ಅದು ಸಿಗುವುದು ಕಷ್ಟ. ಕೊಠಡಿ ಕಾದಿರಿಸುವಾಗಲೇ ಬಾಡಿಗೆಯಲ್ಲಿ ಯಾವ ಯಾವ ಹೊತ್ತಿನ ಊಟ ಸೇರಿದೆ, ಸ್ಥಳೀಯ ಅಡುಗೆಯನ್ನು ಹೇಳಿ ಮಾಡಿಸಿಕೊಳ್ಳಬಹುದೇ ಎಂದು ಕೇಳಿ ತಿಳಿದುಕೊಳ್ಳಿ; ಬಂದಿಳಿದ ಸಂಜೆಯೇ ಮರುದಿನದ ಊಟವನ್ನು ಅಡುಗೆಯವರಿಗೆ ನೇರವಾಗಿ ತಿಳಿಸಿ.

ಏನನ್ನು ಕೇಳಬೇಕೆಂಬುದನ್ನು ಋತುವೇ ಹೇಳುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಬಂದರೆ ಕಳಲೆ ಪಲ್ಯ, ಪತ್ರೊಡೆ, ಅಣಬೆ ಸಾರು. ಬೇಸಿಗೆಯ ಕೊನೆಯಲ್ಲಾದರೆ ಹಲಸಿನ ಹಣ್ಣಿನ ಕಡುಬು. ಕಳಲೆ ಎಂದರೆ ಎಳೆ ಬಿದಿರಿನ ಮೊಳಕೆ; ಹಸಿಯಾಗಿರುವಾಗ ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ, ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸಿಯೇ ಬಳಸುತ್ತಾರೆ. ಹೀಗಾಗಿ ಕಳಲೆ ನೆನೆಹಾಕಿಲ್ಲ ಎಂದು ಅಡುಗೆಯವರು ಹೇಳಿದರೆ ಒತ್ತಾಯಿಸಬೇಡಿ. ಪತ್ರೊಡೆಗೆ ಬಳಸುವ ಕೆಸುವಿನ ಎಲೆಯಲ್ಲಿಯೂ ಗಂಟಲು ತುರಿಸುವ ಸಣ್ಣ ಹರಳುಗಳಿರುತ್ತವೆ. ಹುಣಸೆಹುಳಿ ಬೆರೆಸಿದ ಹಿಟ್ಟನ್ನು ಸವರಿ ಹಬೆಯಲ್ಲಿ ಸಾವಕಾಶವಾಗಿ ಬೇಯಿಸಿದಾಗ ಆ ತುರಿಕೆ ಅಡಗುತ್ತದೆ. ಮೊದಲ ತುತ್ತಿಗೇ ಗಂಟಲು ತುರಿಸಿದರೆ ತಟ್ಟೆಯನ್ನು ಹಿಂದಿರುಗಿಸಲು ಸಂಕೋಚಪಡಬೇಕಾಗಿಲ್ಲ.

ಅಕ್ಕಿ ರೊಟ್ಟಿಯ ವಿಷಯದಲ್ಲಿ ನನ್ನದು ಸ್ವಲ್ಪ ಹಟವೇ. ಕುದಿಯುವ ನೀರಿನಲ್ಲಿ ಹಿಟ್ಟನ್ನು ಬೇಯಿಸಿ, ಬಿಸಿಯಿರುವಾಗಲೇ ನಾದಿ, ತೆಳುವಾಗಿ ಒತ್ತಿ, ಹೆಂಚಿನ ಮೇಲಿಂದ ಕೆಂಡಕ್ಕೆ ಹಾಕಿ ಉಬ್ಬಿಸಿದ ರೊಟ್ಟಿಯು ಒಲೆಯಿಂದ ನೇರವಾಗಿ ತಟ್ಟೆಗೆ ಬರಬೇಕು. ಬಫೆ ಪಾತ್ರೆಯಲ್ಲಿ ಮುಚ್ಚಿಟ್ಟ ರೊಟ್ಟಿ ಬೆವೆತು, ಆಮೇಲೆ ತೊಗಲಿನಂತಾಗುತ್ತದೆ. ಒಂದೊಂದಾಗಿ ಬಿಸಿಯಾಗಿ ತಂದುಕೊಡಿ ಎಂದು ಕೇಳಿ, ತಡವಾದರೂ ಕಾಯಿರಿ. ಜೊತೆಗೆ ಎಣ್ಣೆಗಾಯಿ ಅಥವಾ ಹುಚ್ಚೆಳ್ಳು ಚಟ್ನಿ ಇದ್ದರೆ ಬೇರೇನೂ ಬೇಡ. ಅಕ್ಕಿತರಿಯ ಕಡುಬಿಗೆ ಸಸ್ಯಾಹಾರಿಗಳು ತುಪ್ಪ ಮತ್ತು ಕಾಯಿಚಟ್ನಿಯನ್ನೂ, ಮಾಂಸಾಹಾರಿಗಳು ನಾಟಿ ಕೋಳಿ ಸಾರನ್ನೂ ಕೇಳಬಹುದು. ಒತ್ತು ಶ್ಯಾವಿಗೆ ಸಿಕ್ಕರೆ ಬೆಲ್ಲ ಹಾಕಿದ ಕಾಯಿಹಾಲಿನ ಜೊತೆಯಲ್ಲಿಯೇ ತಿನ್ನಿ. ಮಲೆನಾಡಿನ ಸಾರು ಕೆಲವೊಮ್ಮೆ ಸಾಕಷ್ಟು ಖಾರವಾಗಿರುವುದರಿಂದ, ಮಕ್ಕಳಿಗೆ ಒಂದೆಲಗದ ತಂಬುಳಿಯನ್ನು ಬೇರೆಯಾಗಿ ಹೇಳಿಡುವುದು ಒಳ್ಳೆಯದು.

ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹೊರಡುವ ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಬೇಡಿ. ಘಟ್ಟದ ತಿರುವುಗಳಲ್ಲಿ ವಾಂತಿ ಬರುವವರು ಎರಡು ನೀರು ದೋಸೆ ತಿಂದು ಹೊರಟು, ಕಡುಬನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಮೇಲು.

ಕಾಫಿಯನ್ನು ಕೇಳುವುದಕ್ಕೂ ಒಂದು ಕ್ರಮವಿದೆ. ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಬೀಜಗಳನ್ನು ತಂದು ನೆಟ್ಟರೆಂಬ ಪ್ರತೀತಿಯಿರುವ ಬೆಟ್ಟದ ಬುಡದಲ್ಲಿ ಕುಳಿತು ಇನ್‌ಸ್ಟಂಟ್ ಕಾಫಿ ಕುಡಿಯುವುದು ಸಲ್ಲದು. ಚಿಕೋರಿ ಬೆರೆತಿದೆಯೇ ಎಂದು ವಿಚಾರಿಸಿ, ಏಕೆಂದರೆ ಕಾಫಿ–ಚಿಕೋರಿ ಮಿಶ್ರಣದಲ್ಲಿ ಚಿಕೋರಿ ಶೇಕಡಾ 49ರವರೆಗೂ ಇರಲು ನಿಯಮವೇ ಅವಕಾಶ ಕೊಡುತ್ತದೆ. ಸಂಜೆಯ ಚಳಿಗೆ ಹಾಲಿಲ್ಲದ ಬೆಲ್ಲದ ಕಾಫಿಯನ್ನು ಒಮ್ಮೆಯಾದರೂ ಹೇಳಿ ನೋಡಿ.

ಕೊನೆಗೆ ಬಿಲ್ಲನ್ನು ಓದಿ ಹಣ ಕೊಡಿ. ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿದ್ದು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಅಂಥ ಶುಲ್ಕ ಕಂಡರೆ ತೆಗೆಸಿ, ಆ ಹಣದಲ್ಲಿ ಒಂದು ಪಾಲನ್ನು ಬಡಿಸಿದವರಿಗೂ, ಇನ್ನೊಂದು ಪಾಲನ್ನು ನಿಮಗಾಗಿ ಬೆಳಗಿನ ಜಾವವೇ ಎದ್ದು ಹಿಟ್ಟು ನಾದಿದವರಿಗೂ ಕೈಯಲ್ಲೇ ಕೊಡಿ.